ಚಾರ್ಮಾಡಿ ಇಳಿಯೋ ಮುಂಚೆ ಬದಲಾಯಿಸಿದ ಜೆಟ್

ಯಮಹಾದ ಹಳೇ ಟೂ ಸ್ಟ್ರೋಕ್ ಬೈಕು ಈ ಆರ್‌ಎಕ್ಸ್ 135, ನನ್ನ ಕೈಗೆ ಬಂದಿದ್ದೇ ಸೀಜ್ ಆದ ಮೇಲೆ, ಅಂದ್ರೆ ಸಿಲಿಂಡರಲ್ಲಿ ಪಿಸ್ಟನ್ ಕಚ್ಕೊಂಡು ನಿಂತ ಮೇಲೆ. ಮುಂಚಿನ ಓನರ್ ಮೂಡಿಗೆರೆ ಕಡೆಯವ್ರು, ತೋಟದ ದಾರಿ, ಕೆಸರು, ಗುಡ್ಡ ಅಂತ ಓಡ್ಸೋಕೇ ಬಟನ್ ಟೈರು, ಹಿಂದೆ ದೊಡ್ಡ ಸ್ಪ್ರಾಕೆಟ್ಟು, ಎತ್ತರದ ಮಡ್‌ಗಾರ್ಡು ಎಲ್ಲ ಹಾಕ್ಸಿದ್ರು, ಆಯಿಲ್ ಪಂಪ್ ತೆಗೆಸಿ ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸ್ತಿದ್ರು. "ಮೇಲೆ ಒಂದಿನಾನೂ ತೊಂದ್ರೆ ಕೊಟ್ಟಿಲ್ಲ ಮಾರಾಯ, ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ನೇರ ರೋಡಲ್ಲಿ ಸ್ವಲ್ಪ ಹೊತ್ತು ಫುಲ್ ಎಳೆದೆ, ಹಿಂದಿನ ವೀಲ್ ಗಪ್ ಅಂತ ಹಿಡ್ಕೊಂಡ್ತು" ಅಂದಿದ್ರು. ಮೇಲೆ ಚೆನ್ನಾಗಿದ್ದಿದ್ದು ಕೆಳಗೆ ಹೋದ್ಮೇಲೆ ಸೀಜ್ ಆಯ್ತು ಅನ್ನೋದು ನನಗೆ ಕಿವಿಲೇ ಉಳ್ಕೊಂಡ್ತು.

ಸಿಲಿಂಡರ್ ಬಿಚ್ಚಿ ನೋಡಿದ್ರೆ ಪಿಸ್ಟನ್ನಿನ ಸೈಲೆನ್ಸರ್ ಕಡೆ ಮೈ ಉದ್ದಕ್ಕೂ ಉಜ್ಜಿ ಅಲ್ಯೂಮಿನಿಯಂ ಮೆತ್ಕೊಂಡಿತ್ತು, ಇನ್‌ಟೇಕ್ ಕಡೆ ಮಾತ್ರ ಹೊಸದರ ತರ ಕ್ಲೀನು. ಆಯಿಲ್ಲೇ ಇಲ್ದೆ ಓಡಿದ್ರೆ ಸುತ್ತ ಎಲ್ಲ ಕಡೆ ಗೀರು ಬೀಳುತ್ತೆ. ಸೈಲೆನ್ಸರ್ ಕಡೆ ಮಾತ್ರ ಹಿಂಗಾದ್ರೆ ಮೊದಲ ಅನುಮಾನ ಲೀನ್ ಮೇಲೆ, ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಅದ್ರಿಂದ ಪಿಸ್ಟನ್ ಬಿಸಿ ಏರಿ ಉಬ್ಬುತ್ತೆ. ಎತ್ತರ ಸಾವಿರ ಮೀಟರ್ ಏರಿದ್ರೆ ಗಾಳಿ ಸುಮಾರು 9-10 ಪರ್ಸೆಂಟ್ ತೆಳುವಾಗುತ್ತೆ. ಹಂಗಾಗಿ ಘಟ್ಟದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಸರಿಯಾಗಿ ಕೂರಿಸಿದ ಜೆಟ್ಟು (ಕಾರ್ಬುರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು) ಘಟ್ಟದ ಕೆಳಗಿನ ದಪ್ಪ ಗಾಳಿಗೆ ಚಿಕ್ಕದಾಗೇ ಆಗುತ್ತೆ. ಜೊತೆಗೆ ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲ್ ಒಳಗೇ ಆಕ್ಸಿಜನ್ ಇರೋದ್ರಿಂದ ಅದೇ ಜೆಟ್ಟಲ್ಲಿ ಮಿಕ್ಸ್ಚರ್ ಇನ್ನೂ ಲೀನ್ ಆಗುತ್ತೆ, ಈ ಗಾಡಿ ಫ್ಯಾಕ್ಟರಿಯಿಂದ ಬಂದ ಕಾಲದಲ್ಲಿ ಆ ಲೆಕ್ಕ ಯಾರೂ ಹಾಕಿರ್ಲಿಲ್ಲ.

ಸಿಲಿಂಡರ್ ಒಳಗೆ ಕೊರೆಸಿ ಬೋರ್ ಹಾಕ್ಸಿ ಓವರ್‌ಸೈಜ್ ಪಿಸ್ಟನ್ ತಂದಿದ್ದಾಯ್ತು. ಲೇತ್‌ನಿಂದ ಸಿಲಿಂಡರ್ ಬಂದಾಗ ಒಳಗೆ ಉಜ್ಜಿ ಮೂಡಿಸಿದ ಹೋನಿಂಗ್ ಗೆರೆ ಚೆನ್ನಾಗಿತ್ತು, ಆದ್ರೆ ಪೋರ್ಟಿನ, ಅಂದ್ರೆ ಸಿಲಿಂಡರ್ ಗೋಡೆಯಲ್ಲಿರೋ ತೂತಿನ, ಅಂಚು ಬೆರಳಿಗೆ ಬ್ಲೇಡ್ ತರ ತಾಗ್ತಿತ್ತು. ನಮ್ಮ ಮೆಕ್ಯಾನಿಕ್ ಅಣ್ಣ ಸಣ್ಣ ಅರ, ಆಮೇಲೆ ನೀರು ಕಾಗದ ಹಿಡ್ಕೊಂಡು ಒಂದೊಂದು ಪೋರ್ಟಿನ ಅಂಚನ್ನೂ ನಿಧಾನಕ್ಕೆ ನಯ ಮಾಡಿದ್ರು, ಪ್ರತಿ ಸಲ ರಿಂಗ್ ಒಳಗೆ ಇಳಿಸಿ ಎಲ್ಲಾದ್ರೂ ತಡೆಯುತ್ತಾ ಅಂತ ನೋಡ್ತಿದ್ರು. ಟೂ ಸ್ಟ್ರೋಕಲ್ಲಿ ರಿಂಗು ಆ ತೂತುಗಳ ಮೇಲೇ ಓಡಾಡ್ಬೇಕಲ್ಲ, ಅಂಚು ಹಂಗೇ ಬಿಟ್ರೆ ಹೊಸ ರಿಂಗು ಸಿಕ್ಕಾಕ್ಕೊಂಡು ಮುರಿಯುತ್ತೆ. ಬೋರ್ ಎಷ್ಟು ನೀಟಾಗಿದ್ರೂ ಈ ಕೆಲಸ ಆಗದೆ ಸಿಲಿಂಡರ್ ಕೂರಿಸಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕ್ರ್ಯಾಂಕಿನ ಎರಡೂ ಕಡೆ ಆಯಿಲ್ ಸೀಲ್ ಕೂಡ ಹೊಸದು ಹಾಕಿದ್ವಿ, ಮ್ಯಾಗ್ನೆಟ್ ಕಡೆ ಸೀಲ್ ಗಾಳಿ ಎಳೆದ್ರೆ ಯಾವ ಜೆಟ್ ಹಾಕಿದ್ರೂ ಪ್ರಯೋಜನ ಇಲ್ಲ.

ಮೊದಲ ದಿನ ಓಡ್ಸಲೇ ಇಲ್ಲ. ಸ್ಟಾರ್ಟ್ ಮಾಡಿ ಫಿನ್ನು ಕೈ ಇಡೋಕಾಗದಷ್ಟು ಬಿಸಿ ಆಗೋವರೆಗೆ ಬಿಟ್ಟು, ಆಫ್ ಮಾಡಿ, ಪೂರ್ತಿ ತಣ್ಣಗಾದ್ಮೇಲೆ ಮತ್ತೆ. ತಣ್ಣಗಿದ್ದಾಗ ಹೆಡ್ ನಟ್ ಇನ್ನೊಂದ್ಸಲ ಟೈಟು. ಹೊಸ ಪಿಸ್ಟನ್ ಪಳಗಿಸೋ ರನ್ನಿಂಗ್ ಇನ್‌ಗೆ ಲೀಟರಿಗೆ 40 ಎಂಎಲ್ ಆಯಿಲ್, ಅಂದ್ರೆ 25ಕ್ಕೆ 1. ಆಯಿಲ್ ಜಾಸ್ತಿ ಇದ್ರೆ ಸೇಫ್ ಅಂತ ಎಲ್ರೂ ಅಂತಾರೆ, ಸೇಫೇ, ಆದ್ರೆ ಅದೇ ಜೆಟ್ಟಿನ ತೂತಲ್ಲಿ ಆಯಿಲ್ ಜಾಗ ತಗೊಂಡಷ್ಟು ಪೆಟ್ರೋಲ್ ಕಮ್ಮಿ ಹೋಗುತ್ತೆ, ಮತ್ತೆ ಲೀನ್ ಕಡೆಗೇ. ಅದಕ್ಕೇ ಶುರುವಿಂದ್ಲೇ ಮೈನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ್ವಿ. ಆಮೇಲೆ ಘಟ್ಟದ ಮೇಲಿನ ಕೊಟ್ಟಿಗೆಹಾರದ ಸುತ್ತಮುತ್ತ ಓಡಾಟ, ಒಂದೇ ಸ್ಪೀಡಲ್ಲಿ ಹಿಡಿಯದೆ, ಟಾಪ್ ಗೇರಲ್ಲಿ ಕುಯ್ಯೋ ಅನ್ನಿಸದೆ, ಏರಲ್ಲಿ ಸ್ವಲ್ಪ ಎಳೆಯೋದು ಬಿಡೋದು. ರಿಂಗು ಬೋರಿಗೆ ಕೂರೋದು ಆ ಲೋಡಿಂದ್ಲೇ, ಸುಮ್ನೆ ಮೆಲ್ಲಗೆ ಓಡ್ಸಿದ್ರೆ ಅಲ್ಲ.

ಘಟ್ಟ ಇಳಿಯೋ ದಿನ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹೋಟೆಲ್ ಪಕ್ಕದಲ್ಲೇ ಕಾರ್ಬುರೇಟರ್ ಕ್ಲಾಂಪ್ ಲೂಸ್ ಮಾಡಿ ಓರೆ ತಿರುಗಿಸಿ, ಬೌಲ್ ಬಿಚ್ಚಿ ಇನ್ನೊಂದು ಸೈಜ್ ದೊಡ್ಡ ಜೆಟ್ ಹಾಕಿದೆ. ಮೇಲೆ ಅದು ಜಾಸ್ತಿನೇ, ಫುಲ್ ಕೊಟ್ರೆ ಎಂಜಿನ್ ಡಬ್ ಡಬ್ ಅಂತ ತೇಗ್ತಿತ್ತು. ಇಳಿಜಾರಲ್ಲಿ ಇನ್ನೊಂದು ಅಪಾಯ ಇದೆ, ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಇಳಿದ್ರೆ ಆರ್‌ಪಿಎಂ ಮೇಲಿರುತ್ತೆ, ಪೆಟ್ರೋಲ್ ಬರಲ್ಲ, ಪೆಟ್ರೋಲ್ ಜೊತೆ ಬರೋ ಆಯಿಲ್ಲೂ ಬರಲ್ಲ. ಹೊಸ ಬೋರಿಗೆ ಅದು ವಿಷ. ಪ್ರತಿ ತಿರುವಿಗೂ ಬ್ರೇಕಲ್ಲೇ ಇಳ್ಕೊಂಡು, ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ರೈಸ್ ಮಾಡ್ಕೊಂಡು ಬಂದೆ, ಅಣ್ಣಪ್ಪ ಸ್ವಾಮಿ ಗುಡಿ ಹತ್ರ ನಿಲ್ಲಿಸಿ ಎಂಜಿನ್ ತಣ್ಣಗಾಗೋಕೆ ಬಿಟ್ಟೆ.

ಕೆಳಗೆ ಬಂದ್ಮೇಲೆ ಸೌಂಡೇ ಬೇರೆ. ತೇಗೋದು ಹೋಗಿ ಪಕ್ಕಾ ಆರ್‌ಎಕ್ಸ್ ಕಿರುಚು. ಅದೇ ನೇರ ರೋಡಲ್ಲಿ ಮೂರನೇ ಗೇರಲ್ಲಿ ಸ್ವಲ್ಪ ದೂರ ಮಾತ್ರ ಫುಲ್ ಕೊಟ್ಟು, ಕೀ ಆಫ್ ಮತ್ತು ಕ್ಲಚ್ ಒಟ್ಟಿಗೇ, ಹಂಗೇ ಉರುಳಿ ಸೈಡಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ತುದಿ ನೋಡಿದ್ರೆ ಏನೂ ಗೊತ್ತಾಗಲ್ಲ, ಬಿಳಿ ಪಿಂಗಾಣಿ ಒಳಗೆ ಕೊನೆಗೆ ಇಳಿಯೋ ಜಾಗಕ್ಕೆ ಟಾರ್ಚ್ ಬಿಟ್ಟು ನೋಡ್ಬೇಕು. ಅಲ್ಲಿ ಸುತ್ತ ಕಾಫಿ ಬಣ್ಣದ ಉಂಗುರ, ಲೀನ್ ತೋರಿಸೋ ಬಿಳಿ ಇಲ್ಲ, ಅಲ್ಯೂಮಿನಿಯಂ ಚುಕ್ಕಿ ಒಂದೂ ಇಲ್ಲ. ಅಷ್ಟು ಖುಷಿ ನನಗೆ ಗಾಡಿ ವಿಷಯದಲ್ಲಿ ಬೇರೆ ಯಾವತ್ತೂ ಆಗಿಲ್ಲ.

ವಾಪಸ್ ಬಂದ್ಮೇಲೆ ಅಣ್ಣ, "ಮೇಲೆ ತೇಗುತ್ತಲ್ಲ, ಕಾರ್ಬುರೇಟರ್ ಸೂಜಿ ಕ್ಲಿಪ್ ಒಂದು ಗೀರು ಮೇಲಕ್ಕೆ ಹಾಕು ಮಾರಾಯ, ಸೂಜಿ ಇಳಿದು ಪೆಟ್ರೋಲ್ ಕಮ್ಮಿ ಆಗುತ್ತೆ, ಅರ್ಧ ಎಕ್ಸಲೇಟರಲ್ಲಾದ್ರೂ ಚುರುಕಾಗುತ್ತೆ" ಅಂದ್ರು. ನಾನು ಬೇಡ ಅಣ್ಣ ಅಂದೆ, ಉಜಿರೆಯಿಂದ ಧರ್ಮಸ್ಥಳಕ್ಕೆ ಹೋಗೋವಾಗ ಗಾಡಿ ಹೆಚ್ಚು ಹೊತ್ತು ಓಡೋದು ಅದೇ ಅರ್ಧದಲ್ಲಿ, ಅಲ್ಲಿ ಮತ್ತೆ ಲೀನ್ ಆಗ್ಬಾರ್ದು. ಗಾಳಿ ಹೊಂದಿಸೋ ಏರ್ ಸ್ಕ್ರೂ ಮಾತ್ರ ಸ್ವಲ್ಪ ಹೊರಗೆ ತಿರುಗಿಸಿ ಮೇಲಿನ ಐಡ್ಲಿಂಗ್ ಸರಿ ಮಾಡಿದ್ವಿ, ದೊಡ್ಡ ಜೆಟ್ಟು ಹಂಗೇ ಇದೆ.