ಸೊನ್ನೆ ತೋರಿಸಿದ ಬಲೆ

ವಾಸನೆಯಿಂದ ಪತಂಗ ಸೆಳೆಯುವ ಆರು ಮೋಹಕ ಬಲೆಗಳ ವಾರದ ಎಣಿಕೆ. ಐದರಲ್ಲಿ ತಲಾ ನಾಲ್ಕರಿಂದ ಏಳರವರೆಗೆ ಕಾಡ್ಲಿಂಗ್ ಪತಂಗ ಬಿದ್ದಿದ್ದವು; ಸೇಬಿನ ಕಾಯಿ ಕೊರೆಯುವುದು ಇದರ ಮರಿಹುಳುವೇ. ಸೇಬು ತೋಟದ ಅಂಚಿನ ಸಾಲಿನಲ್ಲಿದ್ದ ಆರನೆಯದರಲ್ಲಿ ಒಂದೂ ಇಲ್ಲ. ಹೊರಗಿನ ಪತಂಗ ಮೊದಲು ನುಗ್ಗುವುದೇ ಅಂಚಿಗೆ, ಹಾಗಾಗಿ ಈ ಸೊನ್ನೆ ನಂಬುವಂಥದ್ದಲ್ಲ. ಮುಸ್ಸಂಜೆಯ ಉಷ್ಣಾಂಶ 15–16 ಡಿಗ್ರಿಗಿಂತ ಕೆಳಗಿಳಿದರೆ ಇವು ಹಾರುವುದು ಕಡಿಮೆ, ನಿಜ. ಆದರೆ ಉಳಿದ ಐದು ಬಲೆಗಳಿಗೂ ಅದೇ ಸಂಜೆಗಳು ತಾನೆ!

ಮೊದಲು ನೋಡಿದ್ದು ಲ್ಯೂರ್, ಅಂದರೆ ಬಲೆಯೊಳಗಿನ ವಾಸನೆಯ ಆಮಿಷ. ಬೆರಳತುದಿಯಷ್ಟು ರಬ್ಬರ್ ಬಿರಡೆ, ಅದಕ್ಕೆ ಊಡಿಸಿದ ಕಾಡ್ಲಿಮೋನ್ (ಹೆಣ್ಣು ಪತಂಗ ಗಂಡನ್ನು ಕರೆಯುವ ವಾಸನೆ) ಸುಮಾರು 1 ಮಿಲಿಗ್ರಾಂ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಾಳುತ್ತದೆ, ಸೆಕೆ ಜೋರಿದ್ದರೆ ಬೇಗ ಮುಗಿಯುತ್ತದೆ. ಬಲೆಯ ಬದಿಯಲ್ಲಿ ಬರೆದ ತಾರೀಕಿನ ಪ್ರಕಾರ ಇದಿನ್ನೂ ಮೂರನೇ ವಾರ. ಬೇರೆ ಕೀಟದ ಲ್ಯೂರ್ ಮುಟ್ಟಿದ ಕೈಯಿಂದಲೇ ಇದನ್ನೂ ಹಿಡಿದಿದ್ದರೆ ವಾಸನೆ ಕೆಡುತ್ತದೆ. ಪ್ರತಿ ಕೀಟಕ್ಕೂ ಬೇರೆ ಕೈಗವಸು ಬೇಕೆನ್ನುವುದು ಅದಕ್ಕೇ. ಇಲ್ಲಿ ಆ ತಪ್ಪೂ ಆಗಿರಲಿಲ್ಲ. ಗಂಡಿಗೆ ಹೆಣ್ಣು ಸಿಗದಂತೆ ತೋಟದ ತುಂಬ ಇದೇ ವಾಸನೆ ಹರಡಿ ಮಿಲನ ತಡೆಯುವ ಫೆರೋಮೋನ್ ಕಟ್ಟಿದ್ದರೆ ಮಾತು ಬೇರೆ: ಅಲ್ಲಿ 1 ಮಿಲಿಗ್ರಾಂ ಲ್ಯೂರ್ ಮೂಕವಾಗುತ್ತದೆ. ಹತ್ತು ಪಟ್ಟು ತೀಕ್ಷ್ಣವಾದದ್ದನ್ನು ಮರದ ಮೇಲಿನ ಮೂರನೇ ಒಂದು ಭಾಗದಲ್ಲಿ ತೂಗಬೇಕು.

ಆಮೇಲೆ ಅಂಟುಹಾಳೆ. ಕಡ್ಡಿ ಒತ್ತಿ ಎತ್ತಿದರೆ ದಾರದಂತೆ ಎಳೆ ಬರಬೇಕು, ಬರಲಿಲ್ಲ. ಮೇಲೆಲ್ಲ ಧೂಳಿನ ಪೊರೆ. ನಡುವೆ ಬೂದುಬಣ್ಣದ ಪುಡಿ ಸವರಿದ ಗುರುತುಗಳು. ಬೆಳಕಿಗೆ ಓರೆ ಹಿಡಿದಾಗ ಆ ಪುಡಿಯಲ್ಲಿ ತಾಮ್ರದ ಮಿನುಗು: ಕಾಡ್ಲಿಂಗ್ ಪತಂಗದ ರೆಕ್ಕೆತುದಿಯ ಮಚ್ಚೆಯ ಬಣ್ಣವೇ ಅದು. ಅಂದರೆ ಗಂಡುಗಳು ಬಂದು ಕೂತು, ಕೊಸರಿಕೊಂಡು ಹೋಗಿವೆ. ಪಕ್ಕದ ದಾರಿಯ ಧೂಳು ಅಂಟನ್ನು ಕೊಂದಿದೆ. ಸಾಲದ್ದಕ್ಕೆ ಹೊಸ ಚಿಗುರೊಂದು ಬೆಳೆದು ಬಲೆಯ ಒಂದು ಬಾಯಿಗೆ ಅಡ್ಡ ನಿಂತಿತ್ತು. ಸುತ್ತ ಒಂದು ಗೇಣಾದರೂ ಎಲೆ ಸವರಿರಬೇಕು, ಇಲ್ಲದಿದ್ದರೆ ವಾಸನೆಯ ಎಳೆ ಗಾಳಿಯಲ್ಲಿ ಸಾಗುವುದೇ ಇಲ್ಲ.

ಇದು ಋತುವಿನ ಮೊದಲ ಹಾರಾಟದಲ್ಲೇ ಆಗಿದ್ದರೆ ನಷ್ಟ ದೊಡ್ಡದು. ಪತಂಗ ಸತತವಾಗಿ ಬೀಳತೊಡಗಿದ ದಿನದಿಂದ ಶಾಖದ ಲೆಕ್ಕ ಶುರು: ದಿನದ ಗರಿಷ್ಠ ಮತ್ತು ಕನಿಷ್ಠದ ಸರಾಸರಿಯಿಂದ 10 ಕಳೆಯಬೇಕು. 24 ಮತ್ತು 12 ಇದ್ದರೆ 8 ಡಿಗ್ರಿ-ದಿನ. ದಿನದಿನದ್ದು ಕೂಡಿಸುತ್ತ ಹೋಗಿ ಒಟ್ಟು ಸುಮಾರು 140 ಮುಟ್ಟಿದಾಗ ಮೊಟ್ಟೆ ಒಡೆಯತೊಡಗುತ್ತವೆ. ಮರಿಹುಳು ಕಾಯಿಯೊಳಗೆ ಹೊಕ್ಕಿತೆಂದರೆ ಯಾವ ಸಿಂಪಡಣೆಯೂ ಮುಟ್ಟದು. ಕೆಟ್ಟ ಬಲೆಯನ್ನು ನಂಬಿ ಮೊದಲ ದಿನವನ್ನು ವಾರ ತಡವಾಗಿ ಗುರುತಿಸಿದರೆ ಮದ್ದೂ ವಾರ ತಡ.

ಬಲೆಗೆ ಬೀಳುವುದು ಗಂಡು, ಮೊಟ್ಟೆಯಿಡುವುದು ಹೆಣ್ಣು. ಹಾಗಾಗಿ ಮರಗಳನ್ನೂ ನೋಡಲೇಬೇಕಿತ್ತು. ಆ ಸಾಲಿನಲ್ಲೇ ಎರಡು ಕಾಯಿಗಳ ತೊಟ್ಟಿನ ಎದುರು ತುದಿಯಲ್ಲಿ ಕಂದು ಹಿಕ್ಕೆ ಗಂಟುಕಟ್ಟಿತ್ತು: ಮರಿಹುಳು ಒಳಗೆ ಹೊಕ್ಕ ಗುರುತು. ಹಾಳೆ ಬದಲಿಸಿ, ಚಿಗುರು ಕತ್ತರಿಸಿ, ಪುಸ್ತಕದಲ್ಲಿ ಆ ವಾರದ ಕಾಲಂಗೆ 0 ಬರೆಯದೆ ‘ಬಲೆ ಕೆಟ್ಟಿತ್ತು’ ಎಂದು ಬರೆದದ್ದಾಯಿತು. ಸರಾಸರಿಯನ್ನು ಐದೇ ಬಲೆಗಳಿಂದ ತೆಗೆಯಲಾಯಿತು.