‘ಸ್ಟಾರ್ವ್ಡ್’ ಅಂದರೆ ಹಸಿವಲ್ಲ: ಯಾರ್ಕ್‌ಷೈರ್ ವಾರ್ಡಿನಲ್ಲಿ ಕಲಿತದ್ದು

2019ರ ಜನವರಿ. ಸೌತ್ ಯಾರ್ಕ್‌ಷೈರ್‌ನ ಒಂದು ಆಸ್ಪತ್ರೆಯಲ್ಲಿ, ಶ್ವಾಸಕೋಶದ ಕಾಯಿಲೆಯವರ ವಾರ್ಡಿನಲ್ಲಿ ನನಗೆ ನೈಟ್ ಡ್ಯೂಟಿ. ರಾತ್ರಿ ಎರಡು ಗಂಟೆ ಇರಬಹುದು, ಕಿಟಕಿ ಪಕ್ಕದ ಬೆಡ್‌ನ ಅಜ್ಜ ಕೈ ಎತ್ತಿ ಕರೆದರು. ಎಂಬತ್ತು ದಾಟಿದವರು, ಕಲ್ಲಿದ್ದಲು ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ‘ಆಮ್ ಸ್ಟಾರ್ವ್ಡ್, ಲುವ್’ ಅಂದರು. ‘ಲುವ್’ ಅಂದರೆ ‘ಲವ್’, ಇಲ್ಲಿನವರು ಸಲಿಗೆಯಿಂದ ಕರೆಯುವ ಮಾತು.

ಸ್ಟಾರ್ವ್ ಅಂದರೆ ಉಪವಾಸ, ಹಸಿವು. ಶಾಲೆಯಲ್ಲಿ ಕಲಿತ ಪದ. ಪ್ಯಾಂಟ್ರಿಗೆ ಹೋಗಿ ಒಂದು ಸ್ಯಾಂಡ್‌ವಿಚ್, ಎರಡು ಬಿಸ್ಕತ್ತು, ಒಂದು ಕಪ್ ಚಹಾ ತಂದಿಟ್ಟೆ. ಅವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ‘ತಾ, ಲುವ್’ ಎಂದು ಥ್ಯಾಂಕ್ಸ್ ಹೇಳಿ ಕಪ್ಪನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಕುಡಿಯಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತರು. ಅದನ್ನು ನೋಡಿದೆ, ನೋಡಿಯೂ ಮುಂದಿನ ಬೆಡ್‌ಗೆ ಹೋದೆ.

ಮುಕ್ಕಾಲು ಗಂಟೆ ಕಳೆದ ಮೇಲೆ ನಮ್ಮ ಹೆಲ್ತ್‌ಕೇರ್ ಅಸಿಸ್ಟೆಂಟ್ ಓಡಿ ಬಂದಳು. ಆಕೆ ಅದೇ ಊರಿನವಳು. ‘ಆಯಪ್ಪ ಚಳಿಯಲ್ಲಿ ನಡುಗ್ತಾ ಇದ್ದಾರೆ, ಕೈ ಮುಟ್ಟಿ ನೋಡು’ ಅಂದಳು. ಟೆಂಪರೇಚರ್ 35.3 ಡಿಗ್ರಿ ಸೆಲ್ಸಿಯಸ್. ಉಸಿರಾಟ ನಿಮಿಷಕ್ಕೆ 22. ನಾಡಿ 112. ಇಲ್ಲಿನ ಆಸ್ಪತ್ರೆಗಳಲ್ಲಿ ಪೇಶಂಟ್‌ನ ಸ್ಥಿತಿ ಹದಗೆಡುತ್ತಿದೆಯೇ ಎಂದು ತಿಳಿಯಲು ನ್ಯೂಸ್-2 ಎಂಬ ಅಂಕಪಟ್ಟಿ ಇದೆ, ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊರತಂದದ್ದು. ಅದರ ಲೆಕ್ಕದಲ್ಲಿ ಟೆಂಪರೇಚರ್‌ಗೆ 1, ಉಸಿರಾಟಕ್ಕೆ 2, ನಾಡಿಗೆ 2, ಒಟ್ಟು 5. ಐದಾದರೆ ಡಾಕ್ಟರನ್ನು ತಕ್ಷಣ ಕರೆಯಲೇಬೇಕು. ವಯಸ್ಸಾದವರಲ್ಲಿ ಸೋಂಕು ರಕ್ತಕ್ಕೆ ಏರಿದಾಗ ಜ್ವರ ಬರುವ ಬದಲು ಮೈ ತಣ್ಣಗಾಗುವುದುಂಟು. ಡಾಕ್ಟರ್ ಬಂದರು, ರಕ್ತ ಪರೀಕ್ಷೆಗೆ ಹೋಯಿತು, ಆಂಟಿಬಯೋಟಿಕ್ ಶುರುವಾಯಿತು. ಅಜ್ಜ ಉಳಿದರು, ಹತ್ತು ದಿನಕ್ಕೆ ಮನೆಗೂ ಹೋದರು. ಆದರೆ ಆ ಮುಕ್ಕಾಲು ಗಂಟೆ ನನ್ನಿಂದ ಹೋದದ್ದು. ಇವತ್ತಿಗೂ ನನಗೆ ಆ ಅಂಗೈ, ಆ ಚಹಾದ ಕಪ್ ಕಣ್ಣ ಮುಂದೆ ಬರುತ್ತದೆ.

ಉತ್ತರ ಇಂಗ್ಲೆಂಡಿನ ಹಿರಿಯರ ಬಾಯಲ್ಲಿ ‘ಸ್ಟಾರ್ವ್ಡ್’ ಅಂದರೆ ಚಳಿಯಿಂದ ಕಂಗೆಟ್ಟಿದ್ದೇನೆ ಅಂತ. ಆ ಪದದ ಹಳೆಯ ಅರ್ಥ ಬರೀ ‘ಸಾಯು’. ದಕ್ಷಿಣದವರು ಅದನ್ನು ಹಸಿವಿನ ಸಾವಿಗೆ ಮಾತ್ರ ಇಟ್ಟುಕೊಂಡರು, ಉತ್ತರದವರು ಚಳಿಗೂ ಉಳಿಸಿಕೊಂಡರು. ಅಜ್ಜನ ಮಾತಲ್ಲಿ ತಪ್ಪೇನೂ ಇರಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಆ ಪದ ಗೊತ್ತಿಲ್ಲದ್ದು ತಪ್ಪಲ್ಲ, ಯಾರಿಗಾದರೂ ಆಗುವಂಥದ್ದೇ. ಆದರೆ ಅದಕ್ಕೂ ಮುಂಚೆ ಐದು ತಿಂಗಳಿಂದ ನಾನು ತಲೆ ಆಡಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಅರ್ಧ ಕೇಳಿಸಿದರೂ ‘ಯೆಸ್, ಯೆಸ್’. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಆಲಿಸುವ ಭಾಗದಲ್ಲಿ ನನಗೆ 8 ಬಂದಿತ್ತು, ನರ್ಸಿಂಗ್ ರಿಜಿಸ್ಟ್ರೇಷನ್‌ಗೆ ಬೇಕಾದದ್ದು 7. ಅಷ್ಟು ಅಂಕ ತಂದವಳು ‘ಏನಂದ್ರಿ?’ ಅಂತ ಮೂರು ಸಲ ಕೇಳಿದರೆ ಇವಳಿಗೆ ಇಂಗ್ಲಿಷೇ ಬರುವುದಿಲ್ಲ ಅಂದುಕೊಳ್ಳುತ್ತಾರೆ ಎಂಬ ಅಂಜಿಕೆ. ವಿದೇಶದಿಂದ ಬಂದ ನರ್ಸ್‌ಗಳು ಬಹಳ ಮಂದಿ ಈ ಅಂಜಿಕೆಯಲ್ಲೇ ಮೊದಲ ವರ್ಷ ಕಳೆಯುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಈ ಅಂಜಿಕೆಯ ಬೇರು ನನ್ನಲ್ಲಿ ಇನ್ನೂ ಹಿಂದಿನದು. ನಾನು ಬಾಗಲಕೋಟೆ ಕಡೆಯವಳು. ಓದು ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಒಬ್ಬ ಪೇಶಂಟ್‌ಗೆ ‘ಯಾಕ್ರೀ ಅಜ್ಜಾರ, ಆರಾಮ ಇಲ್ಲೇನ್ರೀ?’ ಅಂದೆ. ಹಿರಿಯ ಸಿಸ್ಟರ್ ಪಕ್ಕಕ್ಕೆ ಕರೆದು, ‘ಇಲ್ಲಿ ಸರಿಯಾದ ಕನ್ನಡ ಮಾತಾಡಮ್ಮ’ ಅಂದರು. ನಮ್ಮ ಕಡೆ ‘ಆರಾಮ ಇಲ್ಲ’ ಅಂದರೆ ಬೆಂಗಳೂರಿನ ‘ಹುಷಾರಿಲ್ಲ’. ಹೊಟ್ಟೆನೋವು ನಮಗೆ ‘ಹೊಟ್ಟಿಬ್ಯಾನಿ’. ನಾಲ್ಕು ವರ್ಷದಲ್ಲಿ ನಾನು ಅದೆಲ್ಲ ಬಿಟ್ಟೆ. ಊರಿಗೆ ಹೋದಾಗ ಅವ್ವ, ‘ಏನವ್ವಾ, ಬೆಂಗಳೂರಾಕಿ ಆದೆಲ್ಲ’ ಅಂದಾಗ ಒಳಗೆಲ್ಲೋ ಚುರುಕ್ ಅಂದಿತ್ತು.

ಇಲ್ಲಿಯವರಿಗೂ ಇದು ಆಗಿದೆ. ಒಬ್ಬ ಪೇಶಂಟ್‌ನ ಮಗಳು ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ತನ್ನ ಮಾತು ತಿದ್ದಿಕೊಂಡಳಂತೆ. ಅಪ್ಪನ ಹಾಸಿಗೆ ಪಕ್ಕ ಕೂತ ಐದೇ ನಿಮಿಷಕ್ಕೆ ಹಳೆಯ ಮಾತು ತಾನಾಗಿ ವಾಪಸ್ ಬರುತ್ತಿತ್ತು. ಬಿಬಿಸಿ ರೇಡಿಯೋದಲ್ಲಿ ಬಹಳ ಕಾಲ ಒಂದೇ ಬಗೆಯ ಉಚ್ಚಾರಣೆ ನಡೆಯುತ್ತಿತ್ತು. ಯುದ್ಧಕಾಲದಲ್ಲಿ, 1941ರಲ್ಲಿ, ಯಾರ್ಕ್‌ಷೈರ್‌ನ ಹ್ಯಾಲಿಫ್ಯಾಕ್ಸ್‌ನ ವಿಲ್ಫ್ರೆಡ್ ಪಿಕಲ್ಸ್ ಸುದ್ದಿ ಓದಲು ಬಂದು ಕೊನೆಗೆ ‘ಗುಡ್ ನೈಟ್’ ಬದಲು ‘ಗುಡ್ ನೀಟ್’ ಎಂದು ತನ್ನೂರಿನ ದನಿಯಲ್ಲಿ ಹೇಳಿದಾಗ ಎಷ್ಟೋ ಕೇಳುಗರಿಗೆ ಹಿಡಿಸಲಿಲ್ಲ. ತಮ್ಮ ದೇಶದ ಸುದ್ದಿಯನ್ನು ತಮ್ಮದೇ ದೇಶದ ದನಿಯಲ್ಲಿ ಕೇಳಲು ಒಪ್ಪದವರಿದ್ದರು. ಅದನ್ನು ಓದಿದಾಗ ನನಗೆ ಬೆಂಗಳೂರಿನ ಆ ಸಿಸ್ಟರ್ ನೆನಪಾದರು.

ಕಿವಿ ಹೊಂದಿಸಿಕೊಳ್ಳಲು ನನಗೆ ನೆರವಾದದ್ದು ಕನ್ನಡವೇ. ಇಲ್ಲಿನವರು ಬಸ್ಸನ್ನು ‘ಬುಸ್’ ಅನ್ನುತ್ತಾರೆ, ಕಪ್ಪನ್ನು ‘ಕುಪ್’. ಹಳೆಯ ಉಚ್ಚಾರಣೆ ಇದೇ. ಹದಿನೇಳನೇ ಶತಮಾನದಲ್ಲಿ ಬದಲಾದದ್ದು ದಕ್ಷಿಣದ ಬಾಯಿ, ಉತ್ತರದವರು ಇದ್ದಲ್ಲೇ ಇದ್ದರು. ‘ದ’ ಎಂಬ ಚಿಕ್ಕ ಪದ ಇಲ್ಲಿ ಕೇಳಿಸುವುದೇ ಇಲ್ಲ, ಗಂಟಲಲ್ಲಿ ಒಂದು ತಡೆ ಅಷ್ಟೆ. ಹಿರಿಯರು ‘ಯೂ’ ಬದಲು ‘ದಾ’, ‘ದೀ’ ಎನ್ನುತ್ತಾರೆ. ಉಳಿದ ಇಂಗ್ಲಿಷ್ ಕಳೆದುಕೊಂಡ ‘ನೀನು’ ಇದು. ನೀನು, ನೀವು ಎರಡರ ನಡುವೆ ಬೆಳೆದ ನನಗೆ ಅದರ ತೂಕ ಬೇಗ ತಿಳಿಯಿತು. ಅಪರಿಚಿತರು ಹಾಗಂದರೆ ಸಲಿಗೆ ಜಾಸ್ತಿಯಾಯಿತು, ಅಜ್ಜ ನನಗೆ ‘ದಾ’ ಅಂದರೆ ಮನೆಯವಳಂತೆ ಕಂಡರು. ಬಾರ್ನ್‌ಸ್ಲಿಯವರು ಶೆಫೀಲ್ಡಿನವರನ್ನು ‘ಡೀ-ಡಾ’ ಎಂದು ಕರೆಯುವುದೂ ಇದೇ ಪದದಿಂದ, ಶೆಫೀಲ್ಡಿನ ಬಾಯಲ್ಲಿ ಅದು ‘ಡ’ಕಾರದಂತೆ ಕೇಳುತ್ತದೆ ಅಂತ. ಎರಡು ಊರಿನ ನಡುವೆ ಸುಮಾರು 25 ಕಿಲೋಮೀಟರ್. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಅವರ ತಂಡ 1950ರಿಂದ 1961ರವರೆಗೆ ಇಂಗ್ಲೆಂಡಿನ 313 ಕಡೆ ಹೋಗಿ ಹಿರಿಯರ ಮಾತು ಬರೆದುಕೊಂಡಿತು. ಅಷ್ಟು ಊರು ಬೇಕಾಯಿತು ಎಂಬುದರಲ್ಲೇ ಎಲ್ಲ ಇದೆ.

ಕೆಲಸಕ್ಕೆ ಬೇಕಾದ ಎರಡು ಮಾತು ಇಲ್ಲಿ ಹೇಳಲೇಬೇಕು. ಒಂದು ‘ವೈಲ್’. ಇಲ್ಲಿ ಅದಕ್ಕೆ ‘ತನಕ’ ಎಂಬ ಅರ್ಥವಿದೆ. ‘ಸೆವೆನ್ ವೈಲ್ ಸೆವೆನ್’ ಅಂದರೆ ಏಳರಿಂದ ಏಳರ ತನಕ ಡ್ಯೂಟಿ. ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ‘ಎರಡರ ತನಕ ಬಾಯಿಗೆ ಏನೂ ಕೊಡಬೇಡಿ’ ಎನ್ನುವುದಕ್ಕೂ ಇದೇ ಪದ ಬರುತ್ತದೆ. ಇನ್ನೊಂದು ‘ಡಿನ್ನರ್’. ಇಲ್ಲಿ ಬಹಳ ಮನೆಗಳಲ್ಲಿ ಅದು ಮಧ್ಯಾಹ್ನದ ಊಟ, ಸಂಜೆಯ ಊಟಕ್ಕೆ ‘ಟೀ’ ಎಂದು ಹೆಸರು. ‘ಡಿನ್ನರ್ ಆದ ಮೇಲೆ ಈ ಮಾತ್ರೆ’ ಎಂದು ನಾನು ಹೇಳಿ ಕಳಿಸಿದರೆ ಅವರು ಹಗಲು ಹನ್ನೆರಡೂವರೆಗೆ ನುಂಗುತ್ತಾರೆ. ಈಗ ಊಟದ ಹೆಸರು ಹೇಳುವುದನ್ನು ಪೂರ್ತಿ ಬಿಟ್ಟಿದ್ದೇನೆ. ಗಡಿಯಾರದ ಗಂಟೆ ಹೇಳುತ್ತೇನೆ, ಚೀಟಿಯಲ್ಲಿ ಬರೆಯುತ್ತೇನೆ.

ನನ್ನ ಮಾತು ಅವರಿಗೆ ಅರ್ಥವಾಗದ್ದೂ ಇದೆ. ನಾನು ‘ಫಿಫ್ಟೀನ್’ ಅಂದರೆ ‘ಫಿಫ್ಟಿ’ ಕೇಳಿಸುತ್ತದೆ ಎಂದು ಸಹೋದ್ಯೋಗಿಯೊಬ್ಬಳು ನೇರವಾಗಿ ಹೇಳಿದಳು. ಔಷಧದ ಲೆಕ್ಕದಲ್ಲಿ ಅದು ಚಿಕ್ಕ ವ್ಯತ್ಯಾಸವಲ್ಲ. ಅಂದಿನಿಂದ ಹದಿನೈದನ್ನು ‘ಒನ್ ಫೈವ್’ ಎಂದು ಬಿಡಿಸಿ ಹೇಳುತ್ತೇನೆ. ಗಣಿಯಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರ ಕಿವಿ ಆ ಸದ್ದಿಗೇ ಮಂದವಾಗಿರುತ್ತದೆ, ಅವರು ತುಟಿ ನೋಡಿ ಮಾತು ಹಿಡಿಯುತ್ತಾರೆ. 2020ರಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್ ಬಂದಾಗ ನಾನೂ ಅವರೂ ಒಂದೇ ಸಲ ಕಿವುಡಾದೆವು. ಒಂದು ಬಿಳಿ ಬೋರ್ಡು, ಮಾರ್ಕರ್ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಆಗ ‘ಏನಂದ್ರಿ?’ ಕೇಳಲು ಯಾರಿಗೂ ನಾಚಿಕೆ ಇರಲಿಲ್ಲ. ನನಗೆ ಆ ವೇಳೆಗೆ ಅದು ರೂಢಿಯಾಗಿತ್ತು. ಅರ್ಥವಾಗದಿದ್ದರೆ, ‘ಆ ಪದ ನನಗೆ ಗೊತ್ತಿಲ್ಲ, ಎಲ್ಲಿ ಏನಾಗುತ್ತಿದೆ ತೋರಿಸಿ’ ಅನ್ನುತ್ತೇನೆ. ಅರ್ಥವಾಯಿತು ಅನಿಸಿದರೂ, ‘ಚಳಿಯಾ, ಹಸಿವಾ?’ ಎಂದು ಒಮ್ಮೆ ತಿರುಗಿಸಿ ಕೇಳುತ್ತೇನೆ. ಇದುವರೆಗೆ ಒಬ್ಬರೂ ಬೇಜಾರು ಮಾಡಿಕೊಂಡಿಲ್ಲ.

ಆ ಅಜ್ಜ 2019ರ ನವೆಂಬರಿನಲ್ಲಿ ಮತ್ತೆ ಬಂದರು. ದಾಖಲಾತಿ ಫಾರ್ಮ್ ತುಂಬುತ್ತಿದ್ದೆ, ಜನಾಂಗ ಬರೆಯುವ ಜಾಗ ಬಂತು. ‘ವೈಟ್ ಬ್ರಿಟಿಷ್ ಅಂತ ಹಾಕಲೇ?’ ಎಂದೆ. ‘ಯಾರ್ಕ್‌ಷೈರ್ ಅಂತ ಹಾಕು’ ಅಂದರು, ತಮಾಷೆಯ ಮುಖವಿರಲಿಲ್ಲ. 1984ರ ಮಾರ್ಚಿನಿಂದ ಒಂದು ವರ್ಷ ಗಣಿ ಕಾರ್ಮಿಕರ ಮುಷ್ಕರದಲ್ಲಿ ಕೂತವರು ಅವರು. ಯಾರ್ಕ್‌ಷೈರ್‌ನ ಕೊನೆಯ ಆಳದ ಕಲ್ಲಿದ್ದಲು ಗಣಿ ಕೆಲಿಂಗ್ಲಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ಗಣಿ ಹೋಯಿತು, ಜೊತೆಗೆ ದುಡಿದವರು ಹೋದರು, ಉಳಿದದ್ದು ಮಾತು. ಕಂಪ್ಯೂಟರಿನಲ್ಲಿ ಆ ಆಯ್ಕೆ ಇಲ್ಲ ಎಂದೆ. ‘ನಿನ್ನನ್ನು ಏನಂತ ಬರೆದಿದ್ದಾರೆ?’ ಎಂದು ಕೇಳಿದರು.

‘ಇಂಡಿಯನ್.’

‘ಅದಲ್ಲ, ಎಲ್ಲಿಯವಳು?’

ಬಾಗಲಕೋಟೆ ಅಂದೆ. ಮೂರು ಸಲ ಹೇಳಿಸಿಕೊಂಡು ನಾಲ್ಕನೆಯ ಸಲ ಸರಿಯಾಗಿ ಅಂದರು. ‘ಸ್ಟಾರ್ವ್ಡ್‌ಗೆ ನಿಮ್ಮೂರಲ್ಲಿ ಏನಂತಾರೆ?’ ಎಂದರು. ಜನವರಿಯ ಸ್ಯಾಂಡ್‌ವಿಚ್ ಅವರಿಗೂ ನೆನಪಿತ್ತು. ಎಷ್ಟೋ ವರ್ಷದ ಮೇಲೆ ಕೆಲಸದ ಜಾಗದಲ್ಲಿ ನನ್ನೂರಿನ ಮಾತು ನನ್ನ ಬಾಯಿಗೆ ಬಂತು. ‘ಥಂಡಿ ಹತ್ತೇತಿ’ ಅಂದೆ.

ಆ ರಾತ್ರಿ ಮೂರರ ಸುಮಾರಿಗೆ ಬೆಲ್ ಆಯಿತು. ಪರದೆ ಸರಿಸಿದೆ. ‘ಟಂಡಿ, ಲುವ್’ ಅಂದರು. ಮೊದಲು ಥರ್ಮಾಮೀಟರ್ ಹಚ್ಚಿದೆ. 36.4. ಆಮೇಲೆ ಇನ್ನೊಂದು ಕಂಬಳಿ ತಂದು ಕಾಲಿನ ಕಡೆಯಿಂದ ಹೊದಿಸಿದೆ.