ಮಾತ್ರೆಯ ಜೊತೆಗೆ ಕೊಡುವ ಮಾತು

ಮೈಸೂರಿನಲ್ಲಿ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ನನ್ನಂಥವರಿಗೆ "ಇದು ಬೇರೆ ಕಂಪನಿಯದು, ನನಗೆ ಒಗ್ಗಲ್ಲ" ಎಂಬ ಮಾತು ಹೊಸದಲ್ಲ. ಅದೇ ಔಷಧ, ಅಷ್ಟೇ ಮಿಲಿಗ್ರಾಂ. ಆದರೂ ಮಾತ್ರೆಯ ಬಣ್ಣ ಗುಲಾಬಿಯಿಂದ ಬಿಳಿಗೆ ತಿರುಗಿದ ಕೂಡಲೇ ತಲೆಸುತ್ತು ಶುರುವಾಯಿತೆಂದು ಹಿಂದಿರುಗುವವರಿದ್ದಾರೆ. (ಮೂರ್ಛೆರೋಗದ ಮತ್ತು ಥೈರಾಯ್ಡ್‌ನ ಕೆಲವು ಔಷಧಿಗಳಲ್ಲಿ ಬ್ರ್ಯಾಂಡ್ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕಾದದ್ದು ಸರಿಯೇ, ಅವುಗಳ ಮಾತು ಬೇರೆ.) ಇಂಥ ದೂರುಗಳನ್ನು ಬರೀ ಭ್ರಮೆ ಎಂದು ತಳ್ಳಿಹಾಕುವುದು ನಮ್ಮ ವೃತ್ತಿಯವರ ರೂಢಿ. ಆ ರೂಢಿಗೆ ಆಧಾರವಿಲ್ಲವೆಂದು ನನಗೆ ಅನ್ನಿಸುತ್ತದೆ.

1978ರಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬ ಅಮೆರಿಕದ ಸಂಶೋಧಕರು, ದವಡೆ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪರೀಕ್ಷೆ ನಡೆಸಿದರು. ಔಷಧವೇ ಇಲ್ಲದ ಚುಚ್ಚುಮದ್ದಿನಿಂದ ನೋವು ತಗ್ಗಿದವರಿಗೆ, ಅಫೀಮು ಜಾತಿಯ ಔಷಧಿಗಳ ಪರಿಣಾಮವನ್ನು ತಡೆಯುವ ನಲೊಕ್ಸೋನ್ ಕೊಟ್ಟಾಗ, ಆ ಶಮನ ಕುಂದಿ ನೋವು ಮತ್ತೆ ಏರಿತು. ಅಂದರೆ ನಿರೀಕ್ಷೆಯಿಂದ ಬಂದ ಆರಾಮಕ್ಕೆ ದೇಹವೇ ತಯಾರಿಸುವ ನೋವುನಿವಾರಕಗಳ ಪಾಲೂ ಇತ್ತು.

ನಿಜವಾದ ಔಷಧ ಕೊಟ್ಟಾಗಲೂ ನಿರೀಕ್ಷೆ ಸುಮ್ಮನಿರುವುದಿಲ್ಲ ಎಂಬುದಕ್ಕೆ ಉಲ್ರಿಕೆ ಬಿಂಗೆಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ನಾನು ಓದಿದವುಗಳಲ್ಲೆಲ್ಲ ಸ್ಪಷ್ಟವಾದದ್ದು. 22 ಮಂದಿ ಆರೋಗ್ಯವಂತರ ಕಾಲಿಗೆ ಬಿಸಿ ತಾಗಿಸಿ, ರೆಮಿಫೆಂಟಾನಿಲ್ ಎಂಬ ಪ್ರಬಲ ನೋವುನಿವಾರಕವನ್ನು ರಕ್ತನಾಳಕ್ಕೆ ಹರಿಸಲಾಯಿತು. ಔಷಧವಿಲ್ಲದಾಗ ನೂರರ ಅಳತೆಯಲ್ಲಿ ಸರಾಸರಿ 66 ಇದ್ದ ನೋವು, ಅವರಿಗೆ ತಿಳಿಸದೆ ಔಷಧ ಹರಿಸಿದಾಗ 55ಕ್ಕೆ ಇಳಿಯಿತು. "ಈಗ ಔಷಧ ಶುರುವಾಗಿದೆ" ಎಂದಾಗ 39ಕ್ಕೆ ಇಳಿಯಿತು. ಔಷಧ ಹರಿಯುತ್ತಲೇ ಇದ್ದರೂ "ನಿಲ್ಲಿಸಿದ್ದೇವೆ, ಇನ್ನು ನೋವು ಹೆಚ್ಚಬಹುದು" ಎಂದಾಗ 64ಕ್ಕೆ ಏರಿತು. ಪ್ರಮಾಣ ಬದಲಾಗಲಿಲ್ಲ, ಬದಲಾದದ್ದು ಮಾತು ಮಾತ್ರ. ಒಂದು ವಾಕ್ಯ ಔಷಧದ ಫಲವನ್ನು ಇಮ್ಮಡಿಗೂ ಮೀರಿ ಹೆಚ್ಚಿಸಿತು, ಇನ್ನೊಂದು ಅದನ್ನು ಹೆಚ್ಚುಕಡಿಮೆ ಅಳಿಸಿಹಾಕಿತು.

ಬೆಲೆಯೂ ಒಂದು ಬಗೆಯ ಮಾತೇ. 2008ರ ಒಂದು ಅಮೆರಿಕನ್ ಪ್ರಯೋಗದಲ್ಲಿ, ಔಷಧವಿಲ್ಲದ ಒಂದೇ ಮಾತ್ರೆಯನ್ನು ಕೆಲವರಿಗೆ ಎರಡೂವರೆ ಡಾಲರಿನದೆಂದೂ ಉಳಿದವರಿಗೆ ಹತ್ತು ಸೆಂಟಿಗೆ ಇಳಿಸಿದ್ದೆಂದೂ ಹೇಳಿ ಕೊಟ್ಟಾಗ, ನೋವು ಕಡಿಮೆಯಾಯಿತೆಂದವರು ಮೊದಲ ಗುಂಪಿನಲ್ಲಿ ಶೇ. 85, ಎರಡನೆಯದರಲ್ಲಿ ಶೇ. 61. ಜನೌಷಧಿ ಕೇಂದ್ರದ ಅಗ್ಗದ ಮಾತ್ರೆಯನ್ನು ಅನುಮಾನದಿಂದ ನುಂಗುವವರನ್ನು ಕಂಡಾಗ ಈ ಅಂಕಿಗಳು ನೆನಪಾಗುತ್ತವೆ. ಆದರೆ ಅಗ್ಗವಾದದ್ದನ್ನೆಲ್ಲ ನಮ್ಮ ಜನ ಅನುಮಾನಿಸುತ್ತಾರೆ ಎನ್ನುವಂತಿಲ್ಲ. ಐದು ರೂಪಾಯಿ ಡಾಕ್ಟರೆಂದೇ ಹೆಸರಾದ ಮಂಡ್ಯದ ಚರ್ಮವೈದ್ಯ ಡಾ. ಶಂಕರೇಗೌಡರ ಬಳಿ ಜನ ಸಾಲುಗಟ್ಟಿದ್ದು ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕಲ್ಲ. ವಿಶ್ವಾಸ ಮೊದಲೇ ಗಟ್ಟಿಯಾಗಿದ್ದಲ್ಲಿ ಬೆಲೆಯ ಮಾತಿಗೆ ಅಷ್ಟು ಬಲವಿರುವುದಿಲ್ಲ.

ಕೆಡುಕಿನ ನಿರೀಕ್ಷೆಯ ಸಂಗತಿ ಇನ್ನೂ ತೊಡಕಿನದು. ಕೊಲೆಸ್ಟ್ರಾಲ್ ಮಾತ್ರೆಯಿಂದ ಕಾಲುನೋವು ಬರುತ್ತದೆಂದು ವಾಟ್ಸಾಪಿನಲ್ಲಿ ಓದಿ ಸ್ಟ್ಯಾಟಿನ್ ಬಿಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ಅಡ್ಡಪರಿಣಾಮದಿಂದಾಗಿ ಸ್ಟ್ಯಾಟಿನ್ ನಿಲ್ಲಿಸಿದ್ದ 60 ಮಂದಿಗೆ ಒಂದು ವರ್ಷ ಕಾಲ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ ಕೊಟ್ಟು, ಕೆಲವು ತಿಂಗಳು ಏನನ್ನೂ ಕೊಡದೆ ನೋಡಿದರು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ, ಸ್ಟ್ಯಾಟಿನ್ ನುಂಗಿದಾಗಿನ ತೊಂದರೆಯ ಸುಮಾರು ಶೇ. 90ರಷ್ಟು ಖಾಲಿ ಮಾತ್ರೆಯಲ್ಲೂ ಕಾಣಿಸಿಕೊಂಡಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ, ಕಾಲು ನಿಜವಾಗಿಯೂ ನೋಯುತ್ತಿತ್ತು. ತಮ್ಮದೇ ದಾಖಲೆಗಳನ್ನು ಕಂಡ ಮೇಲೆ ಅರ್ಧದಷ್ಟು ಮಂದಿ ಮತ್ತೆ ಸ್ಟ್ಯಾಟಿನ್ ಶುರುಮಾಡಿದರೆಂಬುದು, ಗದರಿಸುವುದಕ್ಕಿಂತ ತೋರಿಸಿಕೊಡುವುದು ಮೇಲೆಂಬ ನನ್ನ ನಂಬಿಕೆಗೆ ಬೆಂಬಲ ಕೊಡುತ್ತದೆ.

ಇಷ್ಟನ್ನು ಕೇಳಿದವರು ನಂಬಿಕೆಯಿದ್ದರೆ ಔಷಧವೇಕೆ ಎನ್ನುತ್ತಾರೆ. ಅವರಿಗೆ ನಾನು 2011ರ ಅಸ್ತಮಾ ಅಧ್ಯಯನವನ್ನು ವಿವರಿಸುತ್ತೇನೆ. ಅದರಲ್ಲಿ ನಿಜವಾದ ಇನ್ಹೇಲರ್ ಸೇದಿದವರೂ ಖಾಲಿ ಇನ್ಹೇಲರ್ ಸೇದಿದವರೂ ಹೆಚ್ಚುಕಡಿಮೆ ಒಂದೇ ಮಟ್ಟದ ಆರಾಮ ಹೇಳಿಕೊಂಡರು. ಆದರೆ ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಗಾಳಿಯನ್ನು ಯಂತ್ರದಿಂದ ಅಳೆದಾಗ, ಮೊದಲಿನವರಲ್ಲಿ ಶೇ. 20ರಷ್ಟು ಸುಧಾರಣೆಯಿತ್ತು, ಎರಡನೆಯವರಲ್ಲಿ ಶೇ. 7ರಷ್ಟು ಮಾತ್ರ, ಅದೂ ಏನನ್ನೂ ಕೊಡದೆ ಬಿಟ್ಟಾಗ ಕಂಡಷ್ಟೇ. ನೋವು, ವಾಕರಿಕೆ, ಸುಸ್ತು ನಿರೀಕ್ಷೆಗೆ ಓಗೊಡುತ್ತವೆ. ಬಿಗಿದ ಶ್ವಾಸನಾಳ ಓಗೊಡುವುದಿಲ್ಲ. ಆದ್ದರಿಂದ ಕಂಪನಿ ಬದಲಾದಾಗ "ಒಳಗಿನ ಔಷಧ ಹಳೆಯದೇ, ಹೊರಗಿನ ಬಣ್ಣ ಮಾತ್ರ ಬೇರೆ" ಎಂದು ಹೆಸರು ತೋರಿಸಿ, ಎರಡು ನಿಮಿಷ ಹೆಚ್ಚು ತೆಗೆದುಕೊಂಡು ಹೇಳುವ ನಾನು, ಉಬ್ಬಸದವರು "ಈಗ ಹಾಯಾಗಿದೆ, ಇನ್ಹೇಲರ್ ಬಿಡಬಹುದಾ?" ಎಂದು ಕೇಳಿದರೆ ಮಾತ್ರ, ಹಾಯೆನಿಸಿದ್ದನ್ನು ಲೆಕ್ಕಕ್ಕೆ ಹಿಡಿಯದೆ, ಮೊದಲು ಆಸ್ಪತ್ರೆಯಲ್ಲಿ ಉಸಿರು ಊದಿಸಿ ಅಳತೆ ಮಾಡಿಸಿಕೊಂಡು ಬನ್ನಿ ಎಂದು ಕಳುಹಿಸುತ್ತೇನೆ.